ವಾರ್ಡಿಗೆ ಹೋಗುವ ಮುನ್ನ: ಫಾರ್ಮ್ ಡಿ ಓದಿನಲ್ಲಿ ಕೇಳುವ ಕಲೆಯ ಸ್ಥಾನ

ಭಾರತೀಯ ಫಾರ್ಮಸಿ ಕೌನ್ಸಿಲಿನ 2008ರ ನಿಯಮಾವಳಿಯೊಂದಿಗೆ ಫಾರ್ಮ್ ಡಿ ಎಂಬ ಆರು ವರ್ಷಗಳ ಓದು ನಮ್ಮಲ್ಲಿ ಶುರುವಾಯಿತು. ಐದು ವರ್ಷ ಪಾಠ, ಕೊನೆಯ ವರ್ಷ ಇಂಟರ್ನ್‌ಶಿಪ್. ಕರ್ನಾಟಕಕ್ಕೆ ಈ ವಿಚಾರ ತೀರಾ ಹೊಸತಾಗಿರಲಿಲ್ಲ. 1990ರ ದಶಕದ ಉತ್ತರಾರ್ಧದಲ್ಲೇ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಸ್ನಾತಕೋತ್ತರ ಓದನ್ನು ಆರಂಭಿಸಿತ್ತು. ಮಾತ್ರೆ ತಯಾರಿಸುವ ಕಾರ್ಖಾನೆಯತ್ತ ಮುಖ ಮಾಡಿದ್ದ ವಿದ್ಯೆಯನ್ನು ರೋಗಿಯ ಮಂಚದ ಬಳಿಗೆ ತರುವುದು ಇವೆರಡರ ಉದ್ದೇಶವೂ ಆಗಿತ್ತು. ಹಾಗೆ ಬರುವ ವಿದ್ಯಾರ್ಥಿ ಎಷ್ಟರಮಟ್ಟಿಗೆ ಸಿದ್ಧಳಾಗಿ ಬರುತ್ತಾಳೆ ಎಂಬುದು ಈ ಲೇಖನದ ಪ್ರಶ್ನೆ.

ನಿಯಮಾವಳಿಯ ಲೆಕ್ಕವನ್ನೇ ಮೊದಲು ನೋಡೋಣ. ಎರಡು, ಮೂರು ಮತ್ತು ನಾಲ್ಕನೆಯ ವರ್ಷಗಳಲ್ಲಿ ವಿದ್ಯಾರ್ಥಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಆಸ್ಪತ್ರೆ ಪೋಸ್ಟಿಂಗ್ ಇದೆ. ಅದು ಕನಿಷ್ಠ 200 ಕೆಲಸದ ದಿನಗಳಲ್ಲಿ ಹರಡಿರಬೇಕು. ಭಾಗಿಸಿದರೆ ದಿನಕ್ಕೆ ಸಿಗುವುದು ಕಾಲು ಗಂಟೆ. ಸಿಸ್ಟರ್ ಕೈಯಿಂದ ಕೇಸ್ ಶೀಟ್ ಬಿಡುವಾಗುವ ಹೊತ್ತಿಗೇ ಅಷ್ಟು ಸಮಯ ಕಳೆದಿರುತ್ತದೆ! ಐದನೆಯ ವರ್ಷದಲ್ಲಿ ಚಿತ್ರ ಒಮ್ಮೆಲೇ ಬದಲಾಗುತ್ತದೆ. ಕ್ಲರ್ಕ್‌ಶಿಪ್ ಹೆಸರಿನಲ್ಲಿ ಪ್ರತಿದಿನ ಬೆಳಗಿನ ಅರ್ಧ ದಿನ ವೈದ್ಯರ ಜೊತೆ ರೌಂಡ್ಸ್, ಮಧ್ಯಾಹ್ನ ತರಗತಿ, ಅದರ ಜೊತೆಗೆ ಆರು ತಿಂಗಳ ಪ್ರಾಜೆಕ್ಟ್.

ವಿಷಯಗಳನ್ನು ಜೋಡಿಸಿರುವ ಕ್ರಮ ಇನ್ನೂ ಯೋಚಿಸಬೇಕಾದ್ದು. ವಾರ್ಡಿನ ಓಡಾಟ ಎರಡನೆಯ ವರ್ಷಕ್ಕೇ ಶುರುವಾದರೂ ರೋಗಿ ಹಿಂದೆ ತೆಗೆದುಕೊಂಡ ಔಷಧಿಗಳನ್ನು ವಿಚಾರಿಸಿ ದಾಖಲಿಸುವುದು, ಲ್ಯಾಬ್ ರಿಪೋರ್ಟ್ ಓದಿ ಅರ್ಥ ಮಾಡಿಕೊಳ್ಳುವುದು ಇವೆಲ್ಲ ಬರುವುದು ನಾಲ್ಕನೆಯ ವರ್ಷದ ಕ್ಲಿನಿಕಲ್ ಫಾರ್ಮಸಿಯಲ್ಲಿ. ರೋಗಿಗೆ ತಿಳಿಹೇಳುವ ಪಾಠ ಎರಡನೆಯ ವರ್ಷದ ಕಮ್ಯುನಿಟಿ ಫಾರ್ಮಸಿಯಲ್ಲಿ ಇದೆ, ನಿಜ. ಆದರೆ ಹೇಳುವುದನ್ನು ಮೊದಲು ಕಲಿಸಿ ಕೇಳುವುದನ್ನು ಎರಡು ವರ್ಷ ಮುಂದೂಡಿದರೆ ವಿದ್ಯಾರ್ಥಿಯಲ್ಲಿ ಬೆಳೆಯುವುದು ಉಪದೇಶದ ಅಭ್ಯಾಸವೇ.

ಇದರ ಪರಿಣಾಮ ವಾರ್ಫರಿನ್‌ನಂಥ ಔಷಧಿಯಲ್ಲಿ ಎದ್ದು ಕಾಣುತ್ತದೆ. ಹೃದಯದ ಕೃತಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ಮಾತ್ರೆ ಇದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಇದರ ವಿರುದ್ಧ ಕೆಲಸ ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿ ಬಾಯಿಪಾಠ ಮಾಡಿರುತ್ತಾಳೆ. ಹಾಗಾಗಿ "ಸೊಪ್ಪು ತಿನ್ನಬೇಡಿ" ಎಂದುಬಿಡುವುದು ಸುಲಭ. ಮಂಡ್ಯದ ಕಡೆಯ ರೋಗಿಗೆ ಬಸ್ಸಾರು, ಉಪ್ಸಾರು, ಮಸ್ಸೊಪ್ಪು ನಿತ್ಯದ ಊಟ. ಅವರ ಡೋಸ್ ನಿಗದಿಯಾದದ್ದೂ ಆ ಊಟದ ಮೇಲೆಯೇ. ಪಥ್ಯವೆಂದು ಸೊಪ್ಪನ್ನು ಪೂರ್ತಿ ಬಿಟ್ಟರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ಏರಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕೊಡಬೇಕಾದ ಸಲಹೆ ಬೇರೆ: ವಾರದಿಂದ ವಾರಕ್ಕೆ ಸೊಪ್ಪಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರಲಿ. ಮನೆಯ ಅಡುಗೆ ಏನೆಂದು ಕೇಳದೆ ಈ ಸಲಹೆ ಕೊಡಲಾಗದು.

ಇನ್ನೊಂದು ಪ್ರಶ್ನೆಯನ್ನು ನೋಡಿ. "ಬೇರೆ ಔಷಧಿ ಏನಾದರೂ ತಗೊಳ್ತೀರಾ?" ಎಂದರೆ "ಇಲ್ಲಮ್ಮ" ಎಂಬ ಉತ್ತರ ಬರುವುದೇ ಹೆಚ್ಚು. "ಮಂಡಿ ನೋವಿಗೆ ಮೆಡಿಕಲ್ ಶಾಪಿಂದ ಮಾತ್ರೆ ತರಿಸ್ತೀರಾ? ನಾಟಿ ಔಷಧಿ ಕುಡೀತೀರಾ?" ಎಂದು ಬಿಡಿಸಿ ಕೇಳಿದಾಗ ಡೈಕ್ಲೊಫೆನಾಕ್ ಹೊರಬರಬಹುದು. ವಾರ್ಫರಿನ್ ಜೊತೆ ಸೇರಿದರೆ ಅದು ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲದು. ಮೊದಲ ಪ್ರಶ್ನೆ ನಮೂನೆಯಲ್ಲಿ ಅಚ್ಚಾಗಿರುತ್ತದೆ. ಎರಡನೆಯದನ್ನು ಯಾರಾದರೂ ಜೊತೆಗೆ ನಿಂತು ಕಲಿಸಬೇಕು. ಇಲ್ಲಿನ ಕಾಲೇಜುಗಳಲ್ಲಿ ಕೇರಳ, ಆಂಧ್ರದ ವಿದ್ಯಾರ್ಥಿಗಳೂ ಬಹಳ ಇದ್ದಾರೆ. "ಊಟ ಆದ್ಮೇಲೆ", "ಖಾಲಿ ಹೊಟ್ಟೇಲಿ" ಎಂಬಷ್ಟು ಕನ್ನಡದಲ್ಲಿ ಮಾತ್ರೆಯ ವೇಳೆ ಹೇಳಬಹುದು, ಇಂಥ ವಿಚಾರಣೆ ಸಾಗುವುದಿಲ್ಲ.

ಈ ಓದಿನಿಂದ ರೂಪುಗೊಳ್ಳುವ ಕ್ಲಿನಿಕಲ್ ಫಾರ್ಮಸಿಸ್ಟಿಗೆ ಔಷಧಿ ಬರೆಯುವ ಅಧಿಕಾರ ಇಲ್ಲ. ತನಗೆ ಕಂಡದ್ದನ್ನು ವೈದ್ಯರ ಮುಂದಿಟ್ಟು ಒಪ್ಪಿಸಬೇಕು. ರೌಂಡ್ಸ್‌ನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ವಿದ್ಯಾರ್ಥಿಯ ಮಾತಿಗೆ ತೂಕ ಬರುವುದು ರೋಗಿಯಿಂದ ಬೇರಾರೂ ತಿಳಿಯದ ಸಂಗತಿಯೊಂದನ್ನು ಆಕೆ ತಂದಾಗ. ಪುಸ್ತಕದಲ್ಲಿರುವುದು ಹೇಗೂ ವೈದ್ಯರ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಜನರಲ್ ಮೆಡಿಸಿನ್‌ನಲ್ಲಿ ಆರು ತಿಂಗಳು, ಬೇರೆ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು ಕಳೆಯುವ ಆರನೆಯ ವರ್ಷದ ಫಲವೂ ಈ ಸಾಮರ್ಥ್ಯವನ್ನೇ ಅವಲಂಬಿಸಿದೆ ಎಂದು ನನ್ನ ಎಣಿಕೆ.

ಕೇಳುವುದನ್ನು ತಡವಾಗಿ ಕಲಿಸುವ ಈ ಕ್ರಮವನ್ನು ಸರಿಪಡಿಸಲು ಪಠ್ಯಕ್ರಮ ತಿದ್ದುವವರೆಗೆ ಕಾಯಬೇಕಿಲ್ಲ. ಪೋಸ್ಟಿಂಗ್‌ನ ವರದಿಗೆ ಪ್ರಿಸೆಪ್ಟರ್ (ವಾರ್ಡಿನಲ್ಲಿ ಮಾರ್ಗದರ್ಶನ ಮಾಡುವ ಶಿಕ್ಷಕ) ಸಹಿ ಬೇಕೆಂದು ನಿಯಮವೇ ಹೇಳುತ್ತದೆ. ಎರಡನೆಯ ವರ್ಷದ ವರದಿಯಲ್ಲಿ ಔಷಧಿಗಳ ಪಟ್ಟಿಯ ಪಕ್ಕದಲ್ಲಿ ವಿದ್ಯಾರ್ಥಿ ಕೇಳಿದ ಪ್ರಶ್ನೆ ಮತ್ತು ರೋಗಿ ಕೊಟ್ಟ ಉತ್ತರ, ಇವೆರಡೂ ಆಡಿದ ಮಾತಿನಲ್ಲೇ ಇರಬೇಕೆಂದು ಪ್ರಿಸೆಪ್ಟರ್ ಪಟ್ಟು ಹಿಡಿದರೆ ಸಾಕು, ಕಾಲು ಗಂಟೆಯಲ್ಲೂ ಒಂದು ಸಂದರ್ಶನದ ಆರಂಭ ಸಾಧ್ಯ.