ಹೊಲ ಕಾಯುವ ಕವಣೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಮಳೆಯಾಶ್ರಿತ ಹೊಲಗಳಲ್ಲಿ, ರಾಗಿಯ ನಡುನಡುವೆ ಅಕ್ಕಡಿ ಸಾಲಾಗಿ ನಿಂತ ಜೋಳವು ಹಾಲುಗಟ್ಟುವ ಕಾಲಕ್ಕೆ ಎರಗುವ ಗಿಳಿವಿಂಡುಗಳನ್ನು ಚದುರಿಸಲು ಒಕ್ಕಲು ಮಕ್ಕಳು ಕೈಗೆತ್ತಿಕೊಳ್ಳುತ್ತಿದ್ದ ಕವಣೆಯು, ನೋಟಕ್ಕೆ ಅತ್ಯಲ್ಪವಾದ ಸಾಧನವೇ ಆದರೂ, ದೂರ ಮತ್ತು ಅಪಾಯಗಳೆರಡನ್ನೂ ಏಕಕಾಲದಲ್ಲಿ ತೂಗಬಲ್ಲ ಬುದ್ಧಿಯನ್ನು ಬೇಡುವಂಥದು. ಕತ್ತಾಳೆಯ ನಾರನ್ನು ತೊಡೆಯ ಮೇಲೆ ಹೊಸೆದು, ನಡುವೆ ಕಲ್ಲು ಕೂರುವಷ್ಟು ಅಗಲಕ್ಕೆ ಹೆಣೆದು, ಒಂದು ತುದಿಯ ಕುಣಿಕೆಯನ್ನು ಬೆರಳಿಗೆ ತೊಡಿಸಿ, ಮತ್ತೊಂದನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಬೀಸಿ, ತಕ್ಕ ಕ್ಷಣದಲ್ಲಿ ಆ ಎರಡನೆಯ ತುದಿಯನ್ನು ಬಿಟ್ಟರಾಯಿತು, ಕಲ್ಲು ಹಾರುವುದು. ಹುರಿ ನೀಳವಾದಷ್ಟೂ ವೇಗ ಹೆಚ್ಚು. ಆದರೆ ಬಿಡುವ ಗಳಿಗೆಯಲ್ಲಿ ಎವೆಯಿಕ್ಕುವಷ್ಟು ತಪ್ಪಿದರೂ ಸಾಕು, ಕಲ್ಲು ದೂರ ಹೋದಂತೆಲ್ಲ ಆ ತಪ್ಪು ಹಿಗ್ಗುತ್ತ ಹೋಗಿ, ಪಕ್ಕದ ಹೊಲದಲ್ಲಿ ಮೇಯುವ ದನಕ್ಕೋ ಕಳೆ ಕೀಳುವವರ ತಲೆಗೋ ತಗಲೀತು.

ಕಲ್ಲಿನ ಆಯ್ಕೆಯೂ ಹಾಗೆಯೇ. ಹಳ್ಳದ ನುಣ್ಣನೆಯ ಗುಂಡುಗಲ್ಲು ನೇರವಾಗಿ ಸಾಗುತ್ತದೆ, ಚಪ್ಪಟೆಯ ಚಕ್ಕೆ ಗಾಳಿಗೆ ವಾಲುತ್ತದೆ. ಹಕ್ಕಿ ಹತ್ತಿರದ ತೆನೆಯ ಮೇಲೆಯೇ ಕುಳಿತಿರುವಾಗ ಒಣಗಿದ ಮಣ್ಣಿನ ಹೆಂಟೆಯೇ ಲೇಸು: ಅದು ಬಿದ್ದೆಡೆಯಲ್ಲಿ ಪುಡಿಯಾಗಿ ಹಕ್ಕಿಯನ್ನು ಬೆದರಿಸೀತೇ ಹೊರತು, ಕಲ್ಲಿನಂತೆ ದಂಟನ್ನು ಮುರಿಯದು, ನೇಗಿಲಿಗೆ ಎಡರಾಗಿ ಹೊಲದಲ್ಲಿ ಉಳಿಯದು.

ಯುದ್ಧದ ಕವಣೆಯ ವಿಷಯದಲ್ಲಿ ಇಂಥ ಲೆಕ್ಕಾಚಾರವನ್ನು ಪ್ರಾಚೀನ ಗ್ರೀಕರು ಬರೆದಿಟ್ಟಿದ್ದಾರೆ. ಪರ್ಷಿಯದ ಅರಸನ ವಿರುದ್ಧ ಕ್ರಿ.ಪೂ. 401ರಲ್ಲಿ ನಡೆದ ದಂಡಯಾತ್ರೆಯಲ್ಲಿ ಪಾಲ್ಗೊಂಡಿದ್ದ ಕ್ಸೆನೊಫೋನನು, ಮುಷ್ಟಿ ತುಂಬುವಂಥ ಕಲ್ಲುಗಳನ್ನು ಬಳಸುತ್ತಿದ್ದ ಪರ್ಷಿಯನ್ನರಿಗಿಂತ ಸೀಸದ ಗುಂಡುಗಳನ್ನು ಬೀಸಬಲ್ಲ ರೋಡ್ಸ್ ದ್ವೀಪದವರ ಎಸೆತವು ಇಮ್ಮಡಿ ದೂರ ಹೋಗುತ್ತಿತ್ತೆಂದು ತಿಳಿಸುತ್ತಾನೆ. ಬ್ಯಾಲಿಯಾರಿಕ್ ದ್ವೀಪಗಳ ಯೋಧರಾದರೋ, ದೂರಕ್ಕೊಂದು, ಮಧ್ಯಮಕ್ಕೊಂದು, ಸಮೀಪಕ್ಕೊಂದು ಎಂದು ಮೂರು ಕವಣೆಗಳನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುತ್ತಿದ್ದರೆಂದು ಸ್ಟ್ರಾಬೋ ಮುಂತಾದವರು ಹೇಳಿದ್ದಾರೆ. ನಮ್ಮ ಕಾಲದ ಅಮೆರಿಕದಲ್ಲಿಯೂ, 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಕಾಯಂ ಅಂಕಣವನ್ನು ಪಡೆದ ಡಿಸ್ಕ್ ಗಾಲ್ಫ್ ಎಂಬ ಆಟದವರು ಇದೇ ತೂಕದಲ್ಲಿ ತೊಡಗಿರುವುದನ್ನು ಕಾಣುತ್ತೇವೆ: ಅಂಚು ತೆಳುವಾದ ಬಿಲ್ಲೆ ಬಹುದೂರ ಹಾರುತ್ತದೆ, ಆದರೆ ವೇಗ ಕುಂದಿದೊಡನೆ ಒಂದು ಮಗ್ಗುಲಿಗೆ ಜಾರಿ ಪೊದೆಯನ್ನೋ ನೀರನ್ನೋ ಸೇರೀತು, ಮೊಂಡು ಅಂಚಿನದು ಅಷ್ಟು ದೂರ ಹೋಗದಿದ್ದರೂ ಹೇಳಿದಂತೆ ಕೇಳುತ್ತದೆ.

ಆದರೆ ಆ ಯೋಧನಿಗೆ ತನ್ನ ಕಲ್ಲು ಎಲ್ಲಿ ಬಿದ್ದರೂ ಅದು ಶತ್ರುವಿನ ನೆಲ. ಆಟಗಾರನು ತಪ್ಪಿದರೆ ಕಳೆದುಕೊಳ್ಳುವುದು ಒಂದೆರಡು ಎಸೆತ. ಸಾಸಲಿನ ಕಾವಲುಗಾರನಾದರೋ ತಾನು ರಕ್ಷಿಸಬೇಕಾದ ಪೈರಿನ ಮೇಲೆಯೇ ಎಸೆಯಬೇಕಾಗಿದ್ದಿತು. ಮೂವರಲ್ಲಿ ಅತಿ ಸೂಕ್ಷ್ಮವಾದ ವಿವೇಚನೆ ಇವನದೆಂದೇ ನನ್ನ ದೃಢವಾದ ಅಭಿಪ್ರಾಯ. ಚರಿತ್ರೆಕಾರರ ಗಮನಕ್ಕೆ ಬಾರದೆ ಹೋದವನೂ ಇವನೇ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ಸೀಮೆಯ ಬಹಳಷ್ಟು ರಾಗಿಹೊಲಗಳು ನೀಲಗಿರಿಯ ತೋಪುಗಳಾದುವು. ನೀಲಗಿರಿಗೆ ಹಕ್ಕಿಯ ಕಾವಲು ಬೇಕಿಲ್ಲ. ಉಳಿದ ಹೊಲಗಳಲ್ಲಿಯೂ ಹೊಳೆಯುವ ಪಟ್ಟಿಗಳು, ಪಟಾಕಿಗಳು ಬಂದಿವೆ. ಕವಣೆ ಹೊಸೆಯಬಲ್ಲ ಹಿರಿಯರು ಇರುವಾಗಲೇ, ಎಷ್ಟು ಮೊಳದ ಹುರಿ ಎಷ್ಟು ದೂರಕ್ಕೆ, ಯಾವ ತೆನೆಗೆ ಕಲ್ಲು, ಯಾವುದಕ್ಕೆ ಹೆಂಟೆ ಎಂಬುದನ್ನು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಈ ಹೋಬಳಿಯ ಶಾಲೆಗಳ ಮಕ್ಕಳಿಗಾದರೂ ವಹಿಸಬೇಕು.