ಓಲೆಗರಿಯ ಚಿತ್ರಕ್ಕೆ ಗಿಡದ ಬಣ್ಣ

ಮೂಡಬಿದಿರೆಯ ಜೈನ ಮಠದಲ್ಲಿರುವ ‘ಧವಲಾ’ ಎಂಬ ಜೈನ ಗ್ರಂಥದ ಓಲೆಗಳು 12ನೇ ಶತಮಾನದ ಆರಂಭದವು. ಅವುಗಳಲ್ಲಿ ಅಕ್ಷರಗಳನ್ನು ಕಂಟದಿಂದ ಕೊರೆದಿಲ್ಲ, ಮಸಿಯಲ್ಲಿ ಬರೆದಿದ್ದಾರೆ. ನಡುನಡುವೆ ತೀರ್ಥಂಕರರು, ಯಕ್ಷಿಯರು, ಭಕ್ತರು ಬಣ್ಣದಲ್ಲಿ ಮೂಡಿದ್ದಾರೆ. ಅಂಥ ಬಣ್ಣವನ್ನು ಇಂದು ಮತ್ತೆ ಮಾಡಲು ಹೊರಟವರಿಗೆ ಬೇಕಾದ ಎಷ್ಟೋ ಸಾಮಗ್ರಿ ಹರಿಹರ, ಕೊಕ್ಕನೂರಿನಂಥ ಬಯಲುಸೀಮೆಯ ಊರುಗಳಲ್ಲೇ ಸಿಗುತ್ತದೆ.

ಕನ್ನಡ ನೆಲದ ಕೈಪಿಡಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೇ ಒಂದು ಭಾಗವಿದೆ. ಶಂಖದ ಬಿಳಿ, ಅರಗಿನ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಅದರಲ್ಲಿ ಬರುತ್ತವೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿ ಮಾಡಿ ಒಣಗಿಸುವ ವಜ್ರಲೇಪವೆಂಬ ಅಂಟೂ ಇದೆ. 1224ರಲ್ಲಿ ಹೊಯ್ಸಳರ ದಂಡನಾಥ ಪೊಲಾಳ್ವ ಹರಿಹರದ ಹರಿಹರೇಶ್ವರ ದೇಗುಲ ಕಟ್ಟಿಸುವ ಹೊತ್ತಿಗೆ ಈ ಗ್ರಂಥಕ್ಕೆ ನೂರು ವರ್ಷ ಸಮೀಪಿಸಿತ್ತು.

ಹರಿತಾಳ ಆರ್ಸೆನಿಕ್ ಇರುವ ಖನಿಜ, ವಿಷ. ಮನೆಯಲ್ಲಿ ಅದನ್ನು ಅರೆಯಲೇಬಾರದು.

ರಸ ಬೇರೆ, ಬಣ್ಣ ಬೇರೆ

ಹೊಸಬರು ಎಡವುವುದು ಇಲ್ಲೇ. ಹೂ ಹಿಂಡಿದ ರಸವನ್ನು ಕುಂಚಕ್ಕೆ ತಗೊಂಡರೆ ಅದು ಓಲೆಗೋ ಕಾಗದಕ್ಕೋ ಇಂಗಿ ಕಲೆಯಾಗುತ್ತದೆ, ಬಣ್ಣವಾಗಿ ಕೂರುವುದಿಲ್ಲ. ರಸವನ್ನು ನೀರಿನಲ್ಲಿ ಕರಗದ ಪುಡಿಯಾಗಿಸಿ, ಆಮೇಲೆ ಅಂಟಿನಲ್ಲಿ ಅರೆಯಬೇಕು.

ಪತಂಗ ಮರದ ಚೆಕ್ಕೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಚೆಕ್ಕೆಯನ್ನು ರಾತ್ರಿ ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ ಕೆಂಪು ಕಷಾಯ. ಅದಕ್ಕೆ ಪಟಿಕ ಕರಗಿಸಿ, ವಾಷಿಂಗ್ ಸೋಡಾದ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ನೊರೆ ಉಕ್ಕುವುದರಿಂದ ಪಾತ್ರೆ ದೊಡ್ಡದಿರಲಿ. ಪಟಿಕದ ಅಲ್ಯೂಮಿನಿಯಂ ಬಣ್ಣವನ್ನು ಹಿಡಿದುಕೊಂಡು ಕೆಂಪು ಗಸಿಯಾಗಿ ಕೆಳಗೆ ಕೂರುತ್ತದೆ. ಗಸಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಬೇಕು. ಹುಳಿ ತಾಗಿದರೆ ಇದೇ ಕೆಂಪು ಹಳದಿಗೆ ತಿರುಗುತ್ತದೆ, ಸೋಡಾ ಹೆಚ್ಚಾದರೆ ನೇರಳೆಗೆ. ಮಧ್ಯಯುಗದ ಯುರೋಪಿನ ಹಸ್ತಪ್ರತಿ ಚಿತ್ರಕಾರರೂ ಏಷ್ಯಾದಿಂದ ಹೋದ ಈ ಮರವನ್ನೇ ಬಳಸಿದರು. ಅದನ್ನು ಅಲ್ಲಿ ಕರೆಯುತ್ತಿದ್ದ ಹೆಸರೇ ಮುಂದೆ ಬ್ರೆಜಿಲ್ ದೇಶಕ್ಕೂ ಬಂತು.

ನೀಲಿ

ನೀಲಿ ಗಿಡಕ್ಕೆ ಪಟಿಕ ಬೇಡ. ಸೊಪ್ಪನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟರೆ ಹುಳಿತು ಹಳದಿ ಹಸಿರು ನೀರಾಗುತ್ತದೆ. ಸುಣ್ಣದ ತಿಳಿ ಹಾಕಿ ಕೋಲಿನಿಂದ ಬಡಿಯುತ್ತಾ ಹೋದರೆ ಗಾಳಿ ಬೆರೆತು ಕಣ್ಣೆದುರಿಗೇ ನೀಲಿ ಏಳುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಇದಕ್ಕಿಂತ ಚೆಲುವಾದ ಗಳಿಗೆ ಇಲ್ಲ. ಕೆಳಗಿಳಿದ ಗಸಿಯನ್ನು ಒಣಗಿಸಿದರೆ ನೀಲಿ ಬಿಲ್ಲೆ ಸಿದ್ಧ.

ಹಳದಿ ಮತ್ತು ಕಪ್ಪು

ಹಳದಿಗೆ ಅರಿಶಿನವಿದೆ, ಆದರೆ ಅದಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಎಲ್ಲರಿಗೂ ಗೊತ್ತು. ಫಾಲ್ಗುಣದ ಹೊತ್ತಿಗೆ ಅರಳುವ ಮುತ್ತುಗದ ಹೂವನ್ನು ಕುದಿಸಿ ಪಟಿಕ ಹಾಕಿದರೂ ಹಳದಿ ಬರುತ್ತದೆ.

ಕಪ್ಪಿಗೆ ಹರಳೆಣ್ಣೆ ದೀಪದ ಮೇಲೆ ಮಡಕೆ ಕವುಚಿ ಹಿಡಿದ ಕಾಡಿಗೆ ಸಾಕು. ನಮ್ಮ ಹಳೆಯ ಬಟ್ಟೆಯ ಕಡತಗಳದ್ದು ಇನ್ನೊಂದು ಜಾಣ್ಮೆ: ಹುಣಸೆ ಬೀಜದ ಅಂಬಲಿಗೆ ಇದ್ದಿಲು ಪುಡಿ ಬೆರೆಸಿ ಬಟ್ಟೆಗೆ ಬಳಿದು, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಅಲ್ಲಿ ಕಪ್ಪು ಹಾಳೆಯಾಯಿತು, ಬಿಳಿ ಅಕ್ಷರವಾಯಿತು.

ಅಂಟು

ಹೊಲದ ಬದುವಿನ ಜಾಲಿಯ ಅಂಟು ಬಣ್ಣ ಅರೆಯಲು ಒಳ್ಳೆಯದು, ಬೇಲದ ಅಂಟೂ ಆಗುತ್ತದೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ನುಣ್ಣನೆ ಕಲ್ಲಿನ ಮೇಲೆ ಬಣ್ಣದ ಪುಡಿಯೊಂದಿಗೆ ಅರೆಯಬೇಕು. ಅಂಟು ಹೆಚ್ಚಾದರೆ ಒಣಗಿದ ಮೇಲೆ ಬಣ್ಣ ಬಿರಿಯುತ್ತದೆ, ಕಮ್ಮಿಯಾದರೆ ಬೆರಳಿಗೆ ಹತ್ತುತ್ತದೆ. ಅರೆದಷ್ಟೂ ಬಣ್ಣ ಸಮನಾಗಿ ಹರಡುತ್ತದೆ.

ಬಿಸಿಲಿನ ಪರೀಕ್ಷೆ

ಒಂದು ಕಾಗದದ ಮೇಲೆ ಎಲ್ಲ ಬಣ್ಣಗಳ ಪಟ್ಟಿ ಎಳೆದು, ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಡಬೇಕು. ರಟ್ಟು ತೆಗೆದಾಗ ಅರಿಶಿನ ಬಿಳಿಚಿಕೊಂಡಿರುತ್ತದೆ, ಪತಂಗದ ಕೆಂಪು ಮಂಕಾಗಿರುತ್ತದೆ. ನೀಲಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಕಾಡಿಗೆಗಂತೂ ಏನೂ ಆಗಿರುವುದಿಲ್ಲ.