ಗಾಜಿನೊಳಗಿನ ಬದು: ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಮೊದಲು ಬಂದ ಮೀನಿನ ಹಕ್ಕು

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮನೆಯಲ್ಲಿ ಉಪ್ಪುನೀರಿನ ಮೀನು ಸಾಕಲು ಹೊರಟವರು ಮಾಡಿಸಿಕೊಳ್ಳುವ ಗಾಜಿನ ತೊಟ್ಟಿಯ ಅಳತೆ ಹೆಚ್ಚುಕಡಿಮೆ ಇಷ್ಟೇ. ಅಂಚಿನವರೆಗೆ ತುಂಬಿದರೆ 255 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಂನಂತೆ ಒಂಬತ್ತು ಕಿಲೋ ಉಪ್ಪು ಬೇಕು. ಈ ಎರಡು ಲೆಕ್ಕ ಎಲ್ಲರೂ ಹಾಕುತ್ತಾರೆ. ಮೂರನೆಯದನ್ನು ಹಾಕುವವರು ಕಡಿಮೆ: ತೊಟ್ಟಿಯ ತಳದ ವಿಸ್ತೀರ್ಣ ಆರು ಚದರ ಅಡಿ, ಅಂದರೆ 0.56 ಚದರ ಮೀಟರ್. ಹವಳದ ದಿಬ್ಬಗಳಲ್ಲಿ ಪಾಚಿಯ ತೋಟ ಕಾಯುವ ಸ್ಟೆಗಾಸ್ಟಿಸ್ ಕುಲದ ಡ್ಯಾಮ್ಸೆಲ್ ಮೀನುಗಳಲ್ಲಿ ಬೊಗಸೆಯಷ್ಟು ದೊಡ್ಡ ಒಂದು ಮೀನು ಆಳುವ ನೆಲ ಒಂದು ಚದರ ಮೀಟರಿನ ಆಸುಪಾಸಿನಲ್ಲಿರುತ್ತದೆ. ಮನೆಯ ಇಡೀ ತೊಟ್ಟಿ ಒಬ್ಬ ಯಜಮಾನನ ಜಮೀನಿಗೂ ಸಾಲದು. ಅಲ್ಲಿ ಆರೇಳು ಮೀನುಗಳನ್ನು ಬಿಟ್ಟು, ಅವು ಕಚ್ಚಾಡಿದಾಗ ಮೀನಿನ ಸ್ವಭಾವವೇ ಕೆಟ್ಟದ್ದು ಎಂದು ದೂರುವುದು ನಮ್ಮ ರೂಢಿ.

ಈ ದೂರನ್ನು ಇಲ್ಲಿ ಪರಿಶೀಲಿಸಲಾಗಿದೆ. ತೊಟ್ಟಿಯ ಜಗಳದಲ್ಲಿ ಯಾವ ಜಾತಿಯ ಮೀನು ಎನ್ನುವುದಕ್ಕಿಂತ ಯಾವುದು ಮೊದಲು ಬಂತು, ಸೋತದ್ದಕ್ಕೆ ಹೋಗಲು ಜಾಗ ಇದೆಯೇ ಎಂಬ ಎರಡು ಪ್ರಶ್ನೆಗಳೇ ಹೆಚ್ಚು ನಿರ್ಣಾಯಕ ಎಂಬುದು ನನ್ನ ವಾದ.

ಕಡಲಿಲ್ಲದ ಊರಿನ ಕಡಲು

ನಾನಿರುವ ಬೆಂಗಳೂರಿನ ಜಾಲಹಳ್ಳಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮಂಗಳೂರಿಗಾಗಲಿ ಚೆನ್ನೈಗಾಗಲಿ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಮೀರಿದ ದೂರ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದ ಮೇಲೆ ಹೊಲಗದ್ದೆಯ ಊರು ಕಾರ್ಖಾನೆಯ ಊರಾಯಿತು, ಈಗ ಅಪಾರ್ಟ್‌ಮೆಂಟುಗಳ ಊರು. ಸಿಹಿನೀರಿನ ಮೀನಿನ ವಿಷಯದಲ್ಲಿ ಏನಾದರೂ ತಿಳಿಯಬೇಕಾದರೆ ಪಕ್ಕದ ಹೆಸರಘಟ್ಟದಲ್ಲೇ ಮೀನುಗಾರಿಕೆಯ ಸಂಶೋಧನಾ ಕೇಂದ್ರಗಳಿವೆ. ಉಪ್ಪುನೀರಿನದಾದರೆ ಘಟ್ಟ ಇಳಿಯಬೇಕು: 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯದಾದ ಮಂಗಳೂರಿನ ಮೀನುಗಾರಿಕೆ ಕಾಲೇಜು, ಇಲ್ಲವೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು, ಕಾರವಾರದ ಕೇಂದ್ರಗಳು. ಹೀಗಾಗಿ ಇಲ್ಲಿನ ಹವ್ಯಾಸಿಯ ಗುರು ಅಂಗಡಿಯವನೇ.

ನನ್ನ ತೊಟ್ಟಿಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುತ್ತೇನೆ. ಒಂದೇ ತೊಟ್ಟಿಯ ಅನುಭವ ಇದು, ಪ್ರಯೋಗವಲ್ಲ. "ಮೊದಲು ಎರಡು ಡ್ಯಾಮ್ಸೆಲ್ ಬಿಡಿ ಸಾರ್, ಟ್ಯಾಂಕ್ ಸೈಕಲ್ ಆಗ್ಲಿ, ಇವು ಸಾಯಲ್ಲ" ಎಂದರು ಅಂಗಡಿಯವರು. ಕಪ್ಪು ಮೈ ಮೇಲೆ ಮೂರು ಬಿಳಿ ಚುಕ್ಕೆಯ, ಡಾಮಿನೊ ಎಂದು ಕರೆಯುವ ಡ್ಯಾಸಿಲಸ್ ಟ್ರೈಮ್ಯಾಕುಲೇಟಸ್ ಮರಿಗಳನ್ನು ತಂದೆ. ಹದಿನೈದು ದಿನದೊಳಗೆ ಒಂದು ಉಳಿಯಿತು, ಇನ್ನೊಂದರ ರೆಕ್ಕೆ ಹರಿದು ಹೋಗಿ ಸತ್ತಿತು. ಉಳಿದದ್ದು ಎಡಗಡೆಯ ಕಲ್ಲಿನ ಪೊಟರೆಯಲ್ಲಿ ಮನೆ ಮಾಡಿತು. ಆಮೇಲೆ ಜೋಡಿ ಕ್ಲೌನ್ ಮೀನು ತಂದು ಬಿಟ್ಟಾಗ ಅವು ಮೂರು ದಿನ ಫಿಲ್ಟರಿನ ಬಾಯಿಯ ಹತ್ತಿರ, ಮೇಲಿನ ಮೂಲೆಗೆ ಅಂಟಿಕೊಂಡೇ ಇದ್ದವು. ಕೆಳಗಿಳಿದರೆ ಏಟು.

ಇದರಲ್ಲೊಂದು ವಿಪರ್ಯಾಸವಿದೆ. ಕಡಲಿನಲ್ಲಿ ಡಾಮಿನೊ ಮರಿಗಳು ಕಡಲಹೂವಿನ ಎಸಳುಗಳ ನಡುವೆ ಕ್ಲೌನ್ ಮೀನುಗಳ ಜೊತೆಯಲ್ಲೇ ಆಶ್ರಯ ಪಡೆಯುತ್ತವೆ. ಅಲ್ಲಿ ಒಂದೇ ಸೂರಿನಡಿ ಇದ್ದವು ಇಲ್ಲಿ ಒಂದೇ ಕಲ್ಲಿಗಾಗಿ ಕಾದಾಡಿದವು.

ಲೊರೆಂಜ್ ಹೇಳಿದ್ದು, ಆಮೇಲಿನವರು ತಿದ್ದಿದ್ದು

ಹವಳದ ಮೀನುಗಳ ಜಗಳವನ್ನು ವಿದ್ವತ್ತಿನ ಚರ್ಚೆಗೆ ತಂದವರು ಕೊನ್ರಾಡ್ ಲೊರೆಂಜ್. 1963ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಆಕ್ರಮಣಶೀಲತೆ ಕುರಿತ ಅವರ ಗ್ರಂಥ ಫ್ಲೋರಿಡಾದ ಹವಳದ ದಿಬ್ಬದಲ್ಲಿ ಈಜುತ್ತ ಕಂಡ ದೃಶ್ಯಗಳಿಂದಲೇ ತೊಡಗುತ್ತದೆ. ಜಾಹೀರಾತಿನ ಭಿತ್ತಿಚಿತ್ರದಂತೆ ಕಣ್ಣು ಕುಕ್ಕುವ ಬಣ್ಣದ ಮೀನುಗಳು ತಮ್ಮದೇ ಜಾತಿಯ ಮೀನಿನ ಮೇಲೆ ಎಲ್ಲಕ್ಕಿಂತ ಉಗ್ರವಾಗಿ ಎರಗುತ್ತವೆ, ಬಣ್ಣವೇ ಈ ನೆಲ ನನ್ನದು ಎಂಬ ಫಲಕ ಎಂಬುದು ಅವರ ವಾದ. ನಮ್ಮ ಭಾಷೆಯಲ್ಲಿ ಇದಕ್ಕೆ ಸಿದ್ಧವಾದ ಹೆಸರೇ ಇದೆ: ದಾಯಾದಿ ಮತ್ಸರ. ಒಂದೇ ಪೊಟರೆ, ಒಂದೇ ಮೇವು, ಒಂದೇ ಬಗೆಯ ಹೆಣ್ಣು ಬೇಕಾದವರ ನಡುವೆಯೇ ಹಗೆ ಹೆಚ್ಚು. ಬದುವಿನ ವ್ಯಾಜ್ಯ ಪಕ್ಕದ ಹೊಲದವನೊಂದಿಗೆ ತಾನೇ?

ಮುಂದಿನ ದಶಕದ ಕ್ಷೇತ್ರಕಾರ್ಯ ಈ ಚಿತ್ರವನ್ನು ಸಾಕಷ್ಟು ತಿದ್ದಿತು. ಮೈರ್‌ಬರ್ಗ್ ಮತ್ತು ಥ್ರೆಶರ್ 1974ರಲ್ಲೂ, ಥ್ರೆಶರ್ ಒಬ್ಬರೇ 1976ರಲ್ಲೂ ಪ್ರಕಟಿಸಿದ ಅಧ್ಯಯನಗಳು ಕೆರಿಬಿಯನ್ ಕಡಲಿನ ಮೂರು ಚುಕ್ಕೆಯ ಡ್ಯಾಮ್ಸೆಲ್ ಮೀನನ್ನು ಕುರಿತವು. ಆ ಮೀನು ಬೇರೆ ಜಾತಿಯವರನ್ನೂ ಓಡಿಸುತ್ತದೆ, ಆದರೆ ಎಲ್ಲರನ್ನೂ ಒಂದೇ ದೂರದಿಂದಲ್ಲ. ತನ್ನದೇ ಜಾತಿಯದು ಬಹುದೂರದಲ್ಲಿ ಕಂಡರೂ ಹೊರಟುಬಿಡುತ್ತದೆ. ತನ್ನ ಪಾಚಿಗೆ ಬಾಯಿ ಹಾಕುವ ಬೇರೆ ಮೀನನ್ನು ಇನ್ನೂ ಹತ್ತಿರ ಬಿಟ್ಟುಕೊಂಡು ಓಡಿಸುತ್ತದೆ. ಯಾವ ತಂಟೆಗೂ ಬಾರದ್ದು ಮೂಗಿನ ತುದಿಯಲ್ಲಿ ಹಾದು ಹೋದರೂ ಸುಮ್ಮನಿರುತ್ತದೆ. ಹಾಗಾಗಿ ಒಂದು ಮೀನಿಗೆ ಒಂದೇ ಬದುವಿಲ್ಲ, ಬಂದವರನ್ನು ನೋಡಿಕೊಂಡು ಬದು ಹಿಂದೆ ಮುಂದೆ ಸರಿಯುತ್ತದೆ.

ಅಂಗಡಿಗಳಲ್ಲಿ ತೂಗುಹಾಕಿರುವ ಹೊಂದಾಣಿಕೆಯ ಪಟ್ಟಿಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದಕ್ಕೆ ಕಾರಣ ಇದೇ. ಯಾವ ಜಾತಿಗೆ ಯಾವ ಜಾತಿ ಆಗುತ್ತದೆ ಎಂದು ಅವು ಜಾತಕ ಕೂಡಿಸಿದಂತೆ ಹೇಳುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಇದು ಏನು ತಿನ್ನುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಆ ಜಾಗಕ್ಕೆ ಈಗಾಗಲೇ ಒಡೆಯ ಇದ್ದಾನೆಯೇ?

ಲೊರೆಂಜ್ ಹೇಳಿದ ಇನ್ನೊಂದು ಮಾತು ಮಾತ್ರ ಮನೆಯ ತೊಟ್ಟಿಗೆ ಹಾಗೇ ಸಲ್ಲುತ್ತದೆ. ಬಯಲಿನಲ್ಲಿ ಸೋತ ಮೀನು ಓಡಿಹೋಗುತ್ತದೆ, ಗೆದ್ದದ್ದು ಗಡಿಯಲ್ಲಿ ನಿಂತುಬಿಡುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಗಾಜಿನೊಳಗೆ ಓಡಿದ ಮೀನು ಎರಡೇ ಕ್ಷಣದಲ್ಲಿ ಇನ್ನೊಂದು ಗೋಡೆಗೆ ಬಡಿದು ಮತ್ತೆ ಒಡೆಯನ ಕಣ್ಣಿಗೆ ಬೀಳುತ್ತದೆ. ಸೋಲೊಪ್ಪಿದ ಮೇಲೂ ಅದು ಹೋಗಿಲ್ಲ! ಒಡೆಯನ ಲೆಕ್ಕದಲ್ಲಿ ಅದು ಸೋಲನ್ನು ಒಪ್ಪಿಯೇ ಇಲ್ಲ. ತೊಟ್ಟಿಯ ಸಾವುಗಳ ಮೂಲ ಇಲ್ಲಿದೆ.

ಸೈಕಲ್ ಎಂಬ ಮೊದಲ ತಪ್ಪು

ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು, ಅಂಗಡಿಯವರ ಮಾತಿನಲ್ಲಿ ಟ್ಯಾಂಕ್ ಸೈಕಲ್ ಆಗಲು, ನಾಲ್ಕರಿಂದ ಆರು ವಾರ ಬೇಕು. ಉಪ್ಪುನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅಮೋನಿಯಾದ ವಿಷ ಇಲ್ಲಿ ಸಿಹಿನೀರಿಗಿಂತ ಹೆಚ್ಚು. ಇದನ್ನು ತಾಳುವ ಗಟ್ಟಿ ಜೀವ ಎಂದೇ ಡ್ಯಾಮ್ಸೆಲ್ ಮೀನನ್ನು ಮೊದಲು ಬಿಡುವ ಪದ್ಧತಿ ಬೆಳೆದದ್ದು. ಅಗ್ಗವೂ ಹೌದು.

ಆದರೆ ಪ್ರಾಣಿನಡವಳಿಕೆಯ ಅಧ್ಯಯನದಲ್ಲಿ ಮತ್ತೆ ಮತ್ತೆ ದೃಢಪಟ್ಟ ಸಂಗತಿಯೆಂದರೆ, ಮೊದಲೇ ನೆಲೆಸಿದವನು ಮೈಕಟ್ಟಿನಲ್ಲಿ ಸಮಾನನಾದ ಹೊಸಬನನ್ನು ಸಾಮಾನ್ಯವಾಗಿ ಸೋಲಿಸುತ್ತಾನೆ. ಗೆದ್ದವನು ಮುಂದಿನ ಕಾದಾಟವನ್ನೂ ಗೆಲ್ಲುವ, ಸೋತವನು ಮತ್ತೆ ಸೋಲುವ ಒಲವು ಮೀನುಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಅತಿ ಜಗಳಗಂಟ ಕುಟುಂಬದ ಮೀನನ್ನು ಖಾಲಿ ಜಮೀನಿಗೆ ಒಂದೂವರೆ ತಿಂಗಳು ಮುಂಚೆ ಕಳಿಸಿ, ಪೂರ್ತಿ ಸ್ವಾಧೀನ ಕೊಟ್ಟು, ಆಮೇಲೆ ಸಾಧುಗಳನ್ನು ಒಬ್ಬೊಬ್ಬರಾಗಿ ಕಳಿಸುವುದು! ಜಗಳ ಹಚ್ಚಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ಬೇಕೆಂದೇ ಯೋಚಿಸಿದರೂ ಹೊಳೆಯಲಾರದು.

ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅಮೋನಿಯಾ, ಮೀನಲ್ಲ. ಅಮೋನಿಯಂ ಕ್ಲೋರೈಡ್ ಹಾಕಿದರೆ ಸಾಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ಕೈಯಲ್ಲಿ ನಾವೆಲ್ಲ ಕಂಡಿರುವ ನವಸಾಗರವೇ ಅದು. ಕಲಾಯಿಯವರ ಬಳಿ ಸಿಗುವ ಪುಡಿಯನ್ನು ಮಾತ್ರ ತೊಟ್ಟಿಗೆ ಹಾಕಬಾರದು; ಪ್ರಯೋಗಾಲಯಕ್ಕೆ ಒದಗಿಸುವ ಶುದ್ಧ ದರ್ಜೆಯದು ಬೇಕು. ನೈಟ್ರೈಟ್ ಸೊನ್ನೆಗೆ ಇಳಿಯುವವರೆಗೆ ತೊಟ್ಟಿ ಖಾಲಿ ಇರುತ್ತದೆ. ಆಮೇಲೆ ಗೋಬಿಯಂಥ ಸಾಧು ಮೀನು ಮೊದಲು, ಕ್ಲೌನ್ ಜೋಡಿ ನಂತರ, ಡ್ಯಾಮ್ಸೆಲ್ ಬೇಕೇ ಬೇಕು ಅನ್ನುವವರಿಗೆ ಅದು ಕಟ್ಟಕಡೆಗೆ.

ಕ್ಲೌನ್ ಮೀನಿನ ವಿಷಯದಲ್ಲಿ ಎರಡು ಮಾತು ಹೆಚ್ಚು ಬೇಕು. ಇವು ಹುಟ್ಟುವಾಗ ಹೆಣ್ಣಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ ಎಂಬುದನ್ನೂ, ಆಕ್ರಮಣದ ಮೂಲಕವೇ ಮೇಲಿನದು ಕೆಳಗಿನದನ್ನು ತಡೆದಿಡುತ್ತದೆ ಎಂಬುದನ್ನೂ ಫ್ರಿಕೆ ದಂಪತಿ 1977ರಲ್ಲಿ ತೋರಿಸಿದರು. ಪಪುವಾ ನ್ಯೂಗಿನಿಯ ಆಂಫಿಪ್ರಿಯಾನ್ ಪರ್ಕುಲಾ ಮೀನುಗಳನ್ನು ಅಳೆದ ಪೀಟರ್ ಬಸ್ಟನ್ 2003ರಲ್ಲಿ ಇನ್ನೂ ಸೋಜಿಗದ ಸಂಗತಿ ಕಂಡರು: ಸರದಿಯಲ್ಲಿರುವ ಪ್ರತಿ ಮೀನೂ ತನ್ನ ಮೇಲಿನದರ ಶೇ 80ರಷ್ಟು ಗಾತ್ರವನ್ನು ಮೀರದಂತೆ ತನ್ನ ಬೆಳವಣಿಗೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಸರಿಸಮ ಬೆಳೆದರೆ ಹೊರದಬ್ಬಿಸಿಕೊಳ್ಳುತ್ತದೆ. ಒಟ್ಟು ಕುಟುಂಬದಲ್ಲಿ ಬಾಯಿ ಬಿಡದೆ ಬಾಳಿದ ಕಿರಿಯರು ಈ ಲೆಕ್ಕವನ್ನು ಸುಲಭವಾಗಿ ಅರ್ಥ ಮಾಡಿಕೊಂಡಾರು. ಕೊಳ್ಳುವವರಿಗೆ ಇದರಿಂದ ಸಿಗುವ ಸೂಚನೆ ನೇರ: ಒಂದೇ ಅಳತೆಯ ಎರಡು ದೊಡ್ಡ ಮೀನು ಬೇಡ, ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿರುವ ಎರಡು ಮರಿಗಳನ್ನು ಒಂದೇ ದಿನ ಬಿಡಿ, ಮೂರನೆಯದನ್ನು ತರಬೇಡಿ. ನಮ್ಮ ದೇಶದಲ್ಲೇ ಮೊಟ್ಟೆಯೊಡೆಸಿ ಬೆಳೆಸಿದ ಕ್ಲೌನ್ ಮರಿಗಳು ಈಗ ಸಿಗುತ್ತವೆ; ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಸಾಗರ ಮೀನುಗಾರಿಕಾ ಸಂಸ್ಥೆ ಈ ವಿದ್ಯೆಯನ್ನು ಕುದುರಿಸಿದೆ.

ಕಣ್ಣಿಗೆ ಮರೆ

ಜಾಗ ಹೆಚ್ಚಿಸಲಾಗದಿದ್ದರೆ ನೋಟವನ್ನಾದರೂ ಮುರಿಯಬಹುದು. ಕಲ್ಲುಗಳನ್ನು ಹಿಂಗೋಡೆಗೆ ಒರಗಿಸಿ ಒಂದೇ ಗುಡ್ಡೆ ಮಾಡಿದರೆ ನೋಡಲು ಚಂದ, ಆದರೆ ಅದು ಒಬ್ಬನೇ ಪಾಳೇಗಾರನ ಕೋಟೆ. ನಡುವೆ ಸಂದು ಬಿಟ್ಟು ಎರಡು ಮೂರು ದಿಬ್ಬ ಮಾಡಿ, ಪ್ರತಿ ಪೊಟರೆಗೂ ಎರಡು ಬಾಯಿ ಇರುವಂತೆ ಜೋಡಿಸಬೇಕು. ಒಂದು ಬಾಯಿಯ ಪೊಟರೆ ಸೋತ ಮೀನಿಗೆ ಬೋನು. 2001ರಿಂದ ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ. ಕಡಲಿನಿಂದ ಕಿತ್ತು ತಂದ ಹವಳ ಮಾರಲು ಬಂದರೆ ಮುಟ್ಟದಿರುವುದೇ ಸರಿ. ಸುಟ್ಟ ಮಣ್ಣಿನ ಕೃತಕ ಕಲ್ಲು, ಮಡಕೆಯ ಚೂರು, ಪಿವಿಸಿ ಕೊಳವೆಯ ತುಂಡು ಮೀನಿಗೆ ಅಷ್ಟೇ ಒಪ್ಪಿಗೆ.

ಹೊಸ ಮೀನನ್ನು ರಂಧ್ರವಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು ವಾರದ ಮಟ್ಟಿಗೆ ಅದೇ ತೊಟ್ಟಿಯಲ್ಲಿ ತೂಗಿಬಿಡುವ ಉಪಾಯ ಹವ್ಯಾಸಿಗಳದು. ಅದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಡ್ಯಾಮ್ಸೆಲ್ ಮೀನುಗಳು ಚಿಲಿಪಿಲಿಯಂಥ ಸದ್ದು ಮಾಡುತ್ತವೆ. ಮೈರ್‌ಬರ್ಗ್ ಮತ್ತು ರಿಜಿಯೊ 1985ರಲ್ಲಿ ತೋರಿಸಿದಂತೆ, ಒಂದು ಮೀನು ನೆರೆಯವನ ಸದ್ದನ್ನು ಗುರುತಿಡುತ್ತದೆ, ಆ ಸದ್ದು ಎಂದಿನ ದಿಕ್ಕಿನಿಂದ ಬಂದರೆ ಅಷ್ಟಾಗಿ ಕೆರಳುವುದಿಲ್ಲ. ಪರಿಚಿತ ನೆರೆಯವನಿಗಿಂತ ಅಪರಿಚಿತನ ಮೇಲೆ ಸಿಟ್ಟು ಹೆಚ್ಚು ಎಂಬ ತತ್ತ್ವವನ್ನು ಜೇಮ್ಸ್ ಫಿಶರ್ 1954ರಲ್ಲೇ ಹಕ್ಕಿಗಳ ವಿಷಯದಲ್ಲಿ ಸೂಚಿಸಿದ್ದರು. ಡಬ್ಬಿಯೊಳಗಿನ ವಾರದಲ್ಲಿ ಅಪರಿಚಿತ ನೆರೆಯವನಾಗುತ್ತಾನೆ.

ಕನ್ನಡಿಯ ಉಪಾಯ ನನಗೆ ಒಪ್ಪಿಗೆಯಾಗಿಲ್ಲ. ತೊಟ್ಟಿಯ ಹೊರಗೆ ಕನ್ನಡಿ ಒರಗಿಸಿದರೆ ಜಗಳಗಂಟ ಮೀನು ತನ್ನ ಬಿಂಬದ ಮೇಲೆ ಎರಗುತ್ತ ಉಳಿದವರನ್ನು ಮರೆಯುತ್ತದೆ ಎನ್ನುತ್ತಾರೆ. ಮರೆಯುವುದು ನಿಜ. ಆದರೆ ಡೆಸ್ಜಾರ್ಡಿನ್ಸ್ ಮತ್ತು ಫರ್ನಾಲ್ಡ್ 2010ರಲ್ಲಿ ಆಫ್ರಿಕಾದ ಸಿಕ್ಲಿಡ್ ಮೀನುಗಳ ಮಿದುಳನ್ನು ನೋಡಿದಾಗ, ಭಯಕ್ಕೆ ಸಂಬಂಧಿಸಿದ ಭಾಗ ನಿಜವಾದ ಎದುರಾಳಿಗಿಂತ ಬಿಂಬದ ಮುಂದೆಯೇ ಹೆಚ್ಚು ಚುರುಕಾಗಿತ್ತು. ಎಂದೂ ಸೋಲದ, ಎಂದೂ ಗೆಲ್ಲದ ಎದುರಾಳಿಯನ್ನು ಕೊಟ್ಟು ಶಾಂತಿ ತರುವುದು ನನಗಂತೂ ಸರಿ ಕಾಣಲಿಲ್ಲ. ಮಲಾವಿ ಸರೋವರದ ಮೀನುಗಳಲ್ಲಿ ನಡೆಯುವ, ತೊಟ್ಟಿ ತುಂಬ ಮೀನು ತುರುಕಿ ಏಟುಗಳನ್ನು ಹಂಚಿಬಿಡುವ ತಂತ್ರವೂ ಇಲ್ಲಿ ನಡೆಯದು. ಉಪ್ಪುನೀರು ಆಮ್ಲಜನಕವನ್ನು ಹಿಡಿದಿಡುವುದೇ ಕಡಿಮೆ.

ಬೆಂಗಳೂರಿನ ಹವೆ ತಂಪು ಎಂಬ ಹಳೆಯ ಭರವಸೆಯಲ್ಲಿ ಇಲ್ಲಿ ಅನೇಕರು ಚಿಲ್ಲರ್ ಹಾಕಿಸುವುದಿಲ್ಲ. ಏಪ್ರಿಲ್ ಮಧ್ಯಾಹ್ನ, ದೀಪವೂ ಪಂಪೂ ಸೇರಿ ನೀರನ್ನು ಒಂದೆರಡು ಡಿಗ್ರಿ ಏರಿಸುತ್ತವೆ. ಬೈರೊ ಮತ್ತು ಸಂಗಡಿಗರು 2010ರಲ್ಲಿ ಎರಡು ಡ್ಯಾಮ್ಸೆಲ್ ಜಾತಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಮೂರು ಡಿಗ್ರಿಯೊಳಗಿನ ಏರಿಕೆಯೇ ಮೀನುಗಳ ಚಟುವಟಿಕೆ, ಧೈರ್ಯ, ಆಕ್ರಮಣ ಮೂರನ್ನೂ ಹೆಚ್ಚಿಸಿತು. ಹೆಚ್ಚಳ ಒಂದೊಂದು ಮೀನಿನಲ್ಲಿ ಒಂದೊಂದು ಬಗೆ. ಬೇಸಿಗೆಯಲ್ಲಿ ಹೊಸ ಮೀನು ತರುವವರು ಸಂಜೆ ನೀರು ಆರಿದ ಮೇಲೆ, ದೀಪ ನಂದಿಸಿ ಬಿಡಬೇಕು. ಇಲ್ಲವೇ ಮಳೆ ಬರುವವರೆಗೆ ಕಾಯಬೇಕು.

ಟ್ಯಾಂಗ್ ಮೀನುಗಳ ಮಾತು ಇಲ್ಲಿ ಬರಬೇಕಿತ್ತು. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುವ, ಲಕ್ಷದ್ವೀಪದ ಕಡಲಿನ ಪೌಡರ್ ಬ್ಲೂ ಟ್ಯಾಂಗ್ ಅಂಗಡಿಗೆ ಬಂದಾಗ ಎಲ್ಲರ ಕಣ್ಣೂ ಅದರ ಮೇಲೆ. ನಾಲ್ಕು ಅಡಿಯ ತೊಟ್ಟಿಯಲ್ಲಿ ಅದನ್ನು ಸಾಕಬಾರದು. ಇದರಲ್ಲಿ ನಿರ್ವಹಣೆಯ ಪ್ರಶ್ನೆಯೇ ಏಳುವುದಿಲ್ಲ.

ಜಗಳ ಕೈಮೀರಿದಾಗ ಏಟು ತಿಂದ ಮೀನನ್ನು ಹೊರತೆಗೆಯುವುದು ಎಲ್ಲರ ಮೊದಲ ಯೋಚನೆ. ನಾನೂ ಹಾಗೇ ಮಾಡಿದೆ; ಚೇತರಿಸಿಕೊಂಡ ಕ್ಲೌನ್ ಜೋಡಿಯನ್ನು ಮತ್ತೆ ಬಿಟ್ಟ ದಿನವೇ ಅವು ಮೊದಲಿನಂತೆ ಮೂಲೆ ಹಿಡಿದವು. ತೆಗೆಯಬೇಕಾದದ್ದು ಗೆದ್ದವನನ್ನು. ಡಾಮಿನೊವನ್ನು ಬಲೆ ಹಾಕಿ ಹಿಡಿದು, ಹತ್ತು ದಿನ ಬೇರೆ ತೊಟ್ಟಿಯಲ್ಲಿಟ್ಟು, ಕಲ್ಲುಗಳನ್ನೆಲ್ಲ ಕಿತ್ತು ಹೊಸದಾಗಿ ಜೋಡಿಸಿದೆ. ಕ್ಲೌನ್ ಜೋಡಿ ಬಲಗಡೆಯ ದಿಬ್ಬ ಹಿಡಿಯಿತು. ಹಿಂತಿರುಗಿದ ಡಾಮಿನೊ ಗುರುತಿಲ್ಲದ ಊರಿಗೆ ಬಂದಂತೆ ಎರಡು ದಿನ ತಡಕಾಡಿತು. ಆಮೇಲೆ ನಾಲ್ಕು ತಿಂಗಳು ಜಗಳವಿದ್ದರೂ ಗಾಯವಿರಲಿಲ್ಲ. ಐದನೆಯ ತಿಂಗಳಲ್ಲಿ ಅದು ಕ್ಲೌನ್ ಹೆಣ್ಣಿಗಿಂತ ದೊಡ್ಡದಾಗಿ ಬೆಳೆಯಿತು, ಹಳೆಯ ಕಥೆ ಮರುಕಳಿಸಿತು. ಈಗ ಅದು ಅಡುಗೆಮನೆಯ ಕಟ್ಟೆಯ ಮೇಲೆ ಎರಡೂವರೆ ಅಡಿಯ ಬೇರೆ ತೊಟ್ಟಿಯಲ್ಲಿ ಒಂಟಿಯಾಗಿದೆ. ಬೆಳಿಗ್ಗೆ ಗಾಜು ಒರೆಸಲು ಹೋದರೆ ಕೈಬೆರಳಿಗೆ ಬಂದು ಕಚ್ಚುತ್ತದೆ.